ವರ್ಷಕ್ಕೆ ಮೂರು ಸಲ ತೆಗೆಯೋ ಬಾಗಿಲು

ನಮ್ಮ ಕಡೆ ಮುದ್ದೆ ಅಗಿಯುವ ಹಾಗಿಲ್ಲ. ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು, ಅಷ್ಟೇ. ಹಾಸನದ ಮಕ್ಕಳು ಇದನ್ನ ಯಾರೂ ಹೇಳಿಕೊಡದೆ ಕಲಿಯುತ್ತವೆ. ನನ್ನ ಮಗ ಮಾತ್ರ ಅಗಿಯುತ್ತಿದ್ದ. ಒಂದು ತುತ್ತನ್ನ ಈ ಕೆನ್ನೆಯಿಂದ ಆ ಕೆನ್ನೆಗೆ ಓಡಿಸುತ್ತಾ, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಾ, ಅರ್ಧ ಮುದ್ದೆಗೆ ಮುಕ್ಕಾಲು ಗಂಟೆ ಕೂರುತ್ತಿದ್ದ. ಚನ್ನರಾಯಪಟ್ಟಣದ ಹತ್ತಿರ ಇರೋ ನಮ್ಮ ಅತ್ತೆ ಮನೆಯಲ್ಲಿ ಅದೊಂದು ದೊಡ್ಡ ತಮಾಷೆ. "ಪ್ಯಾಟೆ ಹುಡ್ಗ, ಮುದ್ದೆ ತಿನ್ನಕ್ಕೂ ಬರಲ್ಲ" ಅಂತ ಅವನ ದೊಡ್ಡಪ್ಪ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ಒಂಥರಾ ಆಗುತ್ತೆ.

ಅವನಿಗೆ ಆರು ವರ್ಷ ಇದ್ದಾಗ, ಯುಗಾದಿ ಮಾರನೇ ದಿನ, ಹೊಸತೊಡಕಿನ ಊಟಕ್ಕೆ ಕೂತಿದ್ದೆವು. ಒಂದು ಕೋಳಿ ಚೂರು ಗಂಟಲಿಂದ ಕೆಳಗೆ ಇಳಿಯಲೇ ಇಲ್ಲ. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಮಾತಾಡುತ್ತಿದ್ದ, ಆದರೆ ಎದೆಯ ಮಧ್ಯ ಬೆರಳಿಟ್ಟು "ಇಲ್ಲಿ ಐತೆ" ಅನ್ನುತ್ತಿದ್ದ. ಜೊಲ್ಲು ಸುರಿಯುತ್ತಿತ್ತು, ನೀರು ಕುಡಿದರೆ ನೀರೂ ವಾಪಸ್ ಬರುತ್ತಿತ್ತು. ಬಾಳೆಹಣ್ಣು ತಿನ್ಸಿ, ಬೆನ್ನು ಗುದ್ದಿ ಅಂತ ಹತ್ತು ಜನ ಹತ್ತು ಹೇಳಿದರು. ಸುಮಾರು ಒಂದು ಗಂಟೆಯಾದ ಮೇಲೆ ವಾಂತಿಯಲ್ಲಿ ಬಂತು. ಮಾರನೇ ದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ "ಆತುರವಾಗಿ ತಿಂದಿರ್ತಾನೆ" ಅಂದರು. ಮುಕ್ಕಾಲು ಗಂಟೆ ಅಗಿಯೋ ಮಗು ಆತುರವಾಗಿ ತಿಂದನಂತೆ! ಗ್ಯಾಸ್ ಸಿರಪ್ ಬರೆದರು. ಐದು ತಿಂಗಳು ಅದೇ ಸಿರಪ್ ಕುಡಿಸಿದೆವು.

ಆಮೇಲೆ ಬೆಂಗಳೂರಿಗೆ ಹೋದೆವು. ಮಕ್ಕಳ ಹೊಟ್ಟೆ-ಕರುಳಿನ ಡಾಕ್ಟರ್ ಅಂತಲೇ ಒಂದು ಜಾತಿ ಇದೆ ಅನ್ನೋದು ನನಗೆ ಆಗಲೇ ಗೊತ್ತಾಗಿದ್ದು. ಅವರು ಮೊದಲು ಕೇಳಿದ್ದು ಊಟದ ವಿಷಯ. ತುಂಬಾ ಅಗೀತಾನಾ? ನೀರು ಜಾಸ್ತಿ ಕುಡೀತಾನಾ? ಮಾಂಸ, ಬ್ರೆಡ್ಡು, ಚಪಾತಿ ಬೇಡ ಅಂತಾನಾ? ಸಾರಲ್ಲಿ ಎಲ್ಲ ನೆನೆಸ್ಕೊಂಡು ತಿಂತಾನಾ? ಎಲ್ಲದಕ್ಕೂ ಹೌದು. ನಾವು ಅಭ್ಯಾಸ ಅಂದುಕೊಂಡಿದ್ದು ಅಭ್ಯಾಸವೇ ಆಗಿರಲಿಲ್ಲ, ಮಗು ತನಗೆ ತಾನೇ ಕಂಡುಕೊಂಡ ಉಪಾಯ ಆಗಿತ್ತು.

ಕಾಯಿಲೆ ಹೆಸರು ಇಯೊಸಿನೋಫಿಲಿಕ್ ಈಸೊಫೇಜೈಟಿಸ್. ಡಾಕ್ಟರುಗಳು ಇಓಇ ಅಂತಾರೆ. ನಮ್ಮ ಅತ್ತೆಗೆ ನಾನು ಹೇಳಿದ್ದು "ಅನ್ನನಾಳದ ಅಲರ್ಜಿ". ಇಯೊಸಿನೋಫಿಲ್ ಅಂದರೆ ರಕ್ತದಲ್ಲಿರೋ ಒಂದು ಬಗೆಯ ಬಿಳಿ ಕಣ. ಇಯೊಸಿನ್ ಅನ್ನೋ ಗುಲಾಬಿ ಬಣ್ಣವನ್ನ ಚೆನ್ನಾಗಿ ಹೀರಿಕೊಳ್ಳುತ್ತೆ ಅಂತ 1879ರಲ್ಲಿ ಪಾಲ್ ಎರ್ಲಿಕ್ ಅನ್ನೋ ಜರ್ಮನ್ ವಿಜ್ಞಾನಿ ಅದಕ್ಕೆ ಆ ಹೆಸರಿಟ್ಟರು. ಗ್ರೀಕಿನಲ್ಲಿ ಈಯೋಸ್ ಅಂದರೆ ಮುಂಜಾವು. ಇಂಥ ಕಾಯಿಲೆಗೆ ಎಷ್ಟು ಚೆಂದದ ಹೆಸರು ನೋಡಿ. ಈ ಕಣ ಹೊಟ್ಟೆಯಲ್ಲಿ, ಕರುಳಿನಲ್ಲಿ ಇರೋದು ಸಹಜ. ಅನ್ನನಾಳದಲ್ಲಿ ಇರಬಾರದು. ಯಾವುದೋ ಆಹಾರಕ್ಕೆ ದೇಹ ಸಿಟ್ಟಾಗಿ ಇವು ಅಲ್ಲಿ ಬಂದು ಜಮಾಯಿಸುತ್ತವೆ, ಗೋಡೆ ಊದಿಕೊಳ್ಳುತ್ತೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ನಾಳವೇ ಗಟ್ಟಿಯಾಗಿ ಕಿರಿದಾಗುತ್ತೆ. 1990ರ ದಶಕದ ಶುರುವಿನವರೆಗೆ ಇದೊಂದು ಬೇರೆ ಕಾಯಿಲೆ ಅಂತಲೇ ಯಾರೂ ಗುರುತಿಸಿರಲಿಲ್ಲ. ಎಲ್ಲ ಆಸಿಡಿಟಿ ಲೆಕ್ಕಕ್ಕೇ ಹೋಗುತ್ತಿತ್ತು. ಹಾಗಾಗಿ ಆ ಸಿರಪ್ ಡಾಕ್ಟರ್ ಮೇಲೆ ನನಗೆ ಈಗ ಅಷ್ಟು ಕೋಪ ಇಲ್ಲ. ಸ್ವಲ್ಪ ಇದೆ.

ಇದನ್ನ ಖಚಿತ ಮಾಡೋಕೆ ಇರೋದು ಒಂದೇ ದಾರಿ. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರೋ ತೆಳ್ಳಗಿನ ಕೊಳವೆ ಬಿಟ್ಟು, ಅನ್ನನಾಳದ ಬೇರೆ ಬೇರೆ ಎತ್ತರದಲ್ಲಿ ಕನಿಷ್ಠ ಆರು ಕಡೆ ಚಿಟಿಕೆಯಷ್ಟು ಒಳಪದರ ತೆಗೆದು (ಇದಕ್ಕೇ ಬಯಾಪ್ಸಿ ಅನ್ನೋದು), ಮೈಕ್ರೋಸ್ಕೋಪ್ ಕೆಳಗೆ ಇಯೊಸಿನೋಫಿಲ್ ಎಣಿಸೋದು. ಹೆಚ್ಚು ಪವರಿನ ಲೆನ್ಸಿನಲ್ಲಿ ಒಂದು ನೋಟಕ್ಕೆ 15 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಇದೇ ಕಾಯಿಲೆ ಅನ್ನೋಕೆ ಆಧಾರ. ಮಗನ ರಿಪೋರ್ಟಿನಲ್ಲಿ 60 ದಾಟಿತ್ತು. ಆರು ಕಡೆ ಯಾಕೆ ಅಂದರೆ ಊತ ಎಲ್ಲ ಕಡೆ ಒಂದೇ ಸಮ ಇರಲ್ಲ. ಒಂದು ಮಳೆಗೆ ಈ ಹೊಲ ನೆನೆದು ಪಕ್ಕದ ಹೊಲ ಒಣಗಿರುತ್ತಲ್ಲ, ಹಾಗೆ.

ದೊಡ್ಡವರಾದರೆ ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೆದು ಮಾಡಿಬಿಡಬಹುದು. ಮಕ್ಕಳಿಗೆ ಅನಸ್ತೇಶಿಯಾ ಕೊಟ್ಟು ಮಲಗಿಸಬೇಕು. ಹಾಸನದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 185 ಕಿಲೋಮೀಟರ್. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು, ಮಗು ರಾತ್ರಿಯಿಂದ ಏನೂ ತಿಂದಿರಬಾರದು. ಬೆಳ್ಳೂರು ಕ್ರಾಸ್ ಹತ್ತಿರ ಹೋಟೆಲುಗಳಲ್ಲಿ ದೀಪ ಹತ್ತಿರುತ್ತೆ, ಇಡ್ಲಿ ಹಬೆ ರಸ್ತೆಗೇ ಬರುತ್ತೆ, ಇವನು ಕಿಟಕಿಗೆ ಮೂಗು ಒತ್ತಿಕೊಂಡು ನೋಡುತ್ತಾನೆ. ಅವನ ಜೊತೆ ನಾವೂ ಉಪವಾಸ. ನಮ್ಮನೆಯವರು ಮಾತ್ರ ಒಂದು ಸಲ ನೆಲಮಂಗಲದಲ್ಲಿ "ಟೈರ್ ನೋಡ್ತೀನಿ" ಅಂತ ಇಳಿದು ಟೀ ಕುಡಿದು ಬಂದಿದ್ದು ವಾಸನೆಗೇ ಗೊತ್ತಾಯಿತು.

ಮುಖಕ್ಕೆ ಮಾಸ್ಕ್ ಇಡೋ ತನಕ ನಾನು ಒಳಗಿರಬಹುದು. ಕಣ್ಣು ಮೇಲೆ ಸರಿದು, ಹಿಡಿದ ಕೈ ಸಡಿಲ ಆಗುತ್ತೆ. ಆಮೇಲೆ ನನ್ನನ್ನ ಆಚೆ ಕಳಿಸುತ್ತಾರೆ. ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಒಂದು ಸಲ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಈ ಕಾಯಿಲೆಯ ಕಷ್ಟ ಏನಂದರೆ, ಚಿಕಿತ್ಸೆ ಬದಲಿಸಿದಾಗೆಲ್ಲ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಒಳಗೆ ನೋಡಬೇಕು. ಮೊದಲು ಆಸಿಡ್ ಕಡಿಮೆ ಮಾಡೋ ಮಾತ್ರೆ ಕೊಟ್ಟರು, ಕೆಲವು ಮಕ್ಕಳಿಗೆ ಅದರಲ್ಲೇ ಇಳಿಯುತ್ತಂತೆ. ಇವನಿಗೆ ಇಳಿಯಲಿಲ್ಲ. ಎರಡನೇ ಎಂಡೋಸ್ಕೋಪಿ. ಆಮೇಲೆ ಹಾಲು ನಿಲ್ಲಿಸಿ ಅಂದರು. ಮಕ್ಕಳಲ್ಲಿ ಇದನ್ನ ಕೆಣಕೋ ಆಹಾರಗಳಲ್ಲಿ ಹಾಲಿಗೇ ಮೊದಲ ಜಾಗ. ಗೋಧಿ, ಮೊಟ್ಟೆ, ಸೋಯಾ, ಬೀಜಗಳು, ಮೀನು ಆಮೇಲೆ ಬರುತ್ತವೆ.

ಹಾಲು! ನಮ್ಮ ಮಾವನ ಮನೆಯಲ್ಲಿ ನಾಲ್ಕು ಎಚ್‌ಎಫ್ ಹಸು ಇವೆ. ಬೆಳಗ್ಗೆ ಸಂಜೆ ಎರಡು ಹೊತ್ತು ಊರ ಡೈರಿಗೆ ಹಾಲು ಹಾಕಿಯೇ ನಮ್ಮನೆಯವರು ಓದಿದ್ದು. ನಾನು ಸರ್ಕಾರಿ ಶಾಲೆ ಟೀಚರ್, ಕ್ಷೀರಭಾಗ್ಯದ ಹಾಲನ್ನ ಲೋಟ ಲೋಟಕ್ಕೆ ಹಂಚೋಳು ನಾನೇ. ಅಂಥ ಮನೆಯ ಮಗುವಿಗೆ ಹಾಲಿಲ್ಲ, ಮೊಸರಿಲ್ಲ, ಮಜ್ಜಿಗೆ ಇಲ್ಲ, ಮುದ್ದೆ ಮೇಲೆ ತುಪ್ಪ ಇಲ್ಲ, ಬಿಸ್ಕೆಟ್ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಹಾಲಿನ ಪುಡಿ ಇದೆಯಾ ಅಂತ ನೋಡದೆ ಕೊಡೋ ಹಾಗಿಲ್ಲ, ದೇವಸ್ಥಾನದಲ್ಲಿ ಪಂಚಾಮೃತ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಅತ್ತೆ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. "ಹಾಲು ಬಿಡ್ಸಿ ಮಗೀನ ಏನ್ ಮಾಡ್ಬೇಕು ಅಂತಿದ್ದೀಯವ್ವ" ಅಂದರು ಆಮೇಲೆ.

ಹಾಲು ಬಿಟ್ಟ ಎರಡು ತಿಂಗಳಿಗೆ ಹುಡುಗ ಬೇರೆಯೇ ಆಗಿಬಿಟ್ಟ. ಮುದ್ದೆ ನುಂಗಿದ! ದೊಡ್ಡಪ್ಪ ಕರೆದು ಐನೂರು ರೂಪಾಯಿ ಕೊಟ್ಟರು. ಇನ್ನು ಎಂಡೋಸ್ಕೋಪಿ ಯಾಕೆ, ಕಣ್ಣಿಗೇ ಕಾಣ್ತಿದೆಯಲ್ಲ ಅಂದುಕೊಂಡೇ ಬೆಂಗಳೂರಿಗೆ ಹೋದೆವು. ರಿಪೋರ್ಟಿನಲ್ಲಿ ಇನ್ನೂ 40 ಇತ್ತು.

ಇಡೀ ಪೋಸ್ಟಿನಲ್ಲಿ ನನಗೆ ಮುಖ್ಯ ಅನಿಸೋ ವಿಷಯ ಇದೇ. ಈ ಕಾಯಿಲೆಯಲ್ಲಿ ಮಗುವಿನ ಮುಖ ಒಂದು ಹೇಳುತ್ತೆ, ಅನ್ನನಾಳ ಇನ್ನೊಂದು ಹೇಳುತ್ತೆ. ನೋವಿಲ್ಲ, ಊಟ ಸೇರುತ್ತೆ, ಆಟ ಆಡ್ತಾನೆ, ಒಳಗೆ ಊತ ಹಾಗೇ ಇರಬಹುದು. ಹಾಗಾಗಿ ಒಳಗೆ ನೋಡದೆ ಬೇರೆ ದಾರಿ ಇಲ್ಲ. ಒಳಗೆ ನೋಡಬೇಕು ಅಂದರೆ ಮಗುವನ್ನ ಮಲಗಿಸಬೇಕು. ಆ ಮೂರನೇ ಸಲ ಎಚ್ಚರ ಆದ ಮೇಲೆ, ಇನ್ನೂ ಅರೆಮತ್ತಿನಲ್ಲೇ, ಅವನು ಹೇಳಿದ್ದು: "ಹಾಸನಾಂಬೆ ಬಾಗ್ಲು ವರ್ಷಕ್ಕೆ ಒಂದ್ಸಲ ತೆಗೀತಾರೆ. ನಂದು ಮಾತ್ರ ಮೂರು ಸಲ." ನರ್ಸ್‌ಗೆ ಅರ್ಥ ಆಗಲಿಲ್ಲ, ಅವರು ಕೇರಳದವರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ.

ಇಷ್ಟೆಲ್ಲ ಹೇಳಿದಾಗ ನೆಂಟರು ತಪ್ಪದೇ ಕೇಳೋದು ಒಂದೇ ಪ್ರಶ್ನೆ. "ಸ್ಕ್ಯಾನ್ ಮಾಡಿ ನೋಡಕ್ಕಾಗಲ್ವಾ? ಹಾಸನದಲ್ಲೇ ಎಂಆರ್‌ಐ ಐತಲ್ಲ!" ದಡ್ಡ ಪ್ರಶ್ನೆ ಅಲ್ಲ, ನಾನೂ ಡಾಕ್ಟರನ್ನ ಕೇಳಿದ್ದೆ. ಅವರು ಹೇಳಿದ್ದು, ನಾನು ಆಮೇಲೆ ಓದಿಕೊಂಡಿದ್ದು ಸೇರಿಸಿ ಬರೆಯುತ್ತೇನೆ. ಇಂಥದ್ದೇ ಮಗುವನ್ನ ಇಟ್ಟುಕೊಂಡು ರಾತ್ರಿ ಹನ್ನೆರಡಕ್ಕೆ ಫೋನ್ ಉಜ್ಜುತ್ತಾ ಕೂತಿರೋ ಅಮ್ಮಂದಿರಿಗೆ.

ಹೊಟ್ಟೆ ಮೇಲೆ ಜೆಲ್ ಹಚ್ಚಿ ಮಾಡೋ ಅಲ್ಟ್ರಾಸೌಂಡ್ ಇಲ್ಲಿ ಸೋಲುತ್ತೆ. ಅನ್ನನಾಳ ಇರೋದು ಎದೆಯ ಒಳಗೆ, ಮುಂದೆ ಗಾಳಿ ತುಂಬಿದ ಶ್ವಾಸನಾಳ, ಹಿಂದೆ ಬೆನ್ನುಮೂಳೆ. ಗಾಳಿ, ಮೂಳೆ ಎರಡೂ ಆ ಶಬ್ದದ ಅಲೆಗೆ ಗೋಡೆ ಇದ್ದ ಹಾಗೆ. ಸಿಟಿ ಸ್ಕ್ಯಾನಿನಲ್ಲಿ ಗೋಡೆ ದಪ್ಪ ಆಗಿರೋದು ಕಾಣಬಹುದು, ಆದರೆ ಯಾಕೆ ದಪ್ಪ ಆಗಿದೆ ಅಂತ ಹೇಳಲ್ಲ, ಸುಮ್ನೆ ರೇಡಿಯೇಶನ್. ಎಂಆರ್‌ಐಗೂ ಕಣ ಎಣಿಸೋ ಕಣ್ಣಿಲ್ಲ.

ಇದನ್ನ ನಮ್ಮ ಮಾವನಿಗೆ ಹೇಗೆ ಹೇಳೋದು ಅಂತ ಒದ್ದಾಡಿ ಕೊನೆಗೆ ಡೈರಿ ನೆನಪಾಯಿತು. "ಮಾವ, ಕ್ಯಾನ್ ನೋಡಿ ಹಾಲು ಎಷ್ಟ್ ಲೀಟ್ರು ಅಂತ ಹೇಳ್ಬೋದು, ಫ್ಯಾಟ್ ಎಷ್ಟು ಅಂತ ಹೇಳ್ಬೋದಾ?" ಅಂದೆ. ಅವರು ಬೀಡಿ ಆರಿಸಿ "ಸ್ಯಾಂಪಲ್ ತೆಗೀದೆ ಎಂಗಾಯ್ತದೆ" ಅಂದರು. ಅಷ್ಟೇ. ಬಯಾಪ್ಸಿ ಯಾಕೆ ಬೇಕು ಅನ್ನೋದನ್ನ ನಮ್ಮ ಮನೆಯಲ್ಲಿ ಅವತ್ತಿನಿಂದ ಯಾರೂ ಕೇಳಿಲ್ಲ. ಎಂಡೋಸ್ಕೋಪಿ ಅಂದರೆ ಬೋರ್‌ವೆಲ್‌ಗೆ ಕ್ಯಾಮೆರಾ ಬಿಡೋ ತರ ಅಂತ ಅವರೇ ಈಗ ಬೇರೆಯವರಿಗೆ ವಿವರಿಸುತ್ತಾರೆ.

ಹಾಗಂತ ಚಿತ್ರದಿಂದ ಏನೂ ಉಪಯೋಗ ಇಲ್ಲ ಅಂತಲ್ಲ. ಬೇರಿಯಂ ಪರೀಕ್ಷೆ ಇದೆ, ಹಳೆಯದು, ಅಗ್ಗ. ಮಗನಿಗೂ ಒಂದು ಸಲ ಮಾಡಿಸಿದೆವು. ಮಲಗಿಸೋದು ಬೇಡ, ಚುಚ್ಚೋದು ಬೇಡ. ಸುಣ್ಣದ ನೀರಿನ ಹಾಗಿರೋ ಬಿಳಿ ದ್ರವವನ್ನ ಕುಡಿಯಬೇಕು, ಕುಡಿಯುವಾಗ ಎಕ್ಸ್‌ರೇ ವಿಡಿಯೋ ತರ ಓಡುತ್ತಾ ಇರುತ್ತೆ. ನಮ್ಮನೆಯವರು ಸೀಸದ ಏಪ್ರನ್ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ನುಂಗಿದ್ದು ಪರದೆ ಮೇಲೆ ಗಂಟಲಿಂದ ಜಾರಿ ಹೊಟ್ಟೆಗೆ ಬೀಳೋದನ್ನ ನೋಡಿ ಇವನಿಗೆ ಎಷ್ಟು ಖುಷಿ ಆಯಿತು ಅಂದರೆ ಇನ್ನೊಂದು ಲೋಟ ಕೇಳಿದ. ಬೇರಿಯಂನಲ್ಲಿ ಅದ್ದಿದ ಬ್ರೆಡ್ ಚೂರನ್ನೂ ಕೊಟ್ಟರು, ಗಟ್ಟಿ ಪದಾರ್ಥ ಎಲ್ಲಿ ನಿಧಾನ ಆಗುತ್ತೆ ಅಂತ ನೋಡೋಕೆ. ಎರಡು ದಿನ ಕಕ್ಕಸು ಬಿಳಿ ಬಂತು ಅಂತ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಬೇರಿಯಂ ಹೇಳೋದು ಆಕಾರ. ನಾಳ ಎಲ್ಲಾದರೂ ಕಿರಿದಾಗಿದೆಯಾ, ಎಷ್ಟು ಉದ್ದಕ್ಕೆ. ಎಂಡೋಸ್ಕೋಪಿ ಸರಾಗ ಒಳಗೆ ಹೋದರೂ ಕಣ್ತಪ್ಪಿ ಹೋಗುವಂಥ ಕಿರಿದಾದ ಜಾಗ ಇದರಲ್ಲಿ ಸಿಗೋದುಂಟು. ಹಾಗಾಗಿ ಆಹಾರ ಸಿಕ್ಕಿಹಾಕಿಕೊಳ್ಳೋ ಮಕ್ಕಳಿಗೆ ಇದನ್ನ ಬೇಡ ಅನ್ನಬೇಡಿ. ಆದರೆ ಊತ ಇಳಿದಿದೆಯಾ ಅಂತ ಕೇಳಿದರೆ ಬೇರಿಯಂ ಸುಮ್ಮನಿರುತ್ತೆ. ಮಗನ ಬೇರಿಯಂ ಪೂರ್ತಿ ನಾರ್ಮಲ್ ಇತ್ತು, ಒಳಗೆ 40 ಇದ್ದಾಗಲೇ.

ಅಂದರೆ ನನಗೆ ಬೇಕಿರೋದು ಆಕಾರದ ಚಿತ್ರ ಅಲ್ಲ. ಕಣ ಇರೋ ಜಾಗ ಹೊಳೆಯಬೇಕು, ಇಲ್ಲದ ಜಾಗ ಕಪ್ಪಾಗಿರಬೇಕು. ಅಂಥದ್ದನ್ನ ಯೋಚಿಸಿದವರು ಇದ್ದಾರೆ ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು. ಇಯೊಸಿನೋಫಿಲ್ ಒಳಗೆ ಸಣ್ಣ ಕಾಳುಗಳಿರುತ್ತವೆ, ಅದರಲ್ಲಿ ಮೇಜರ್ ಬೇಸಿಕ್ ಪ್ರೋಟೀನ್ ಅನ್ನೋದು ತುಂಬಿರುತ್ತೆ. ಊತ ಇದ್ದ ಕಡೆ ಅದು ಗೋಡೆಗೆಲ್ಲ ಚೆಲ್ಲಿರುತ್ತೆ. ಜೆರಾಲ್ಡ್ ಗ್ಲೀಚ್ ಅನ್ನೋ ವಿಜ್ಞಾನಿ 1970ರ ದಶಕದಿಂದ ಆ ಪ್ರೋಟೀನ್ ಹಿಂದೆ ಬಿದ್ದವರು, ಯೂಟಾ ತಂಡದಲ್ಲೂ ಅವರಿದ್ದರು. ಆ ಪ್ರೋಟೀನಿಗೆ ಧನ ಚಾರ್ಜ್. ಹೆಪಾರಿನ್ ಅಂತ ರಕ್ತ ಹೆಪ್ಪುಗಟ್ಟದಂತೆ ಕೊಡೋ ಔಷಧ ಇದೆಯಲ್ಲ, ಅದಕ್ಕೆ ಬಲವಾದ ಋಣ ಚಾರ್ಜ್. ಎರಡೂ ಅಂಟಿಕೊಳ್ಳುತ್ತವೆ. ಹೆಪಾರಿನ್‌ಗೆ ಟೆಕ್ನೀಷಿಯಂ-99ಎಂ ಅನ್ನೋ ವಿಕಿರಣ ಸೂಸೋ ಗುರುತು ಕಟ್ಟಿ ಕುಡಿಸಿದರೆ, ಊತ ಇರೋ ಜಾಗಕ್ಕೆ ಅಂಟಿಕೊಳ್ಳುತ್ತೆ, ಹೊರಗಿಂದ ಆ ವಿಕಿರಣವನ್ನ ಗುರುತಿಸೋ ಗ್ಯಾಮಾ ಕ್ಯಾಮೆರಾ ಹಿಡಿದರೆ ಇಡೀ ಅನ್ನನಾಳದ ನಕ್ಷೆ ಸಿಗಬೇಕು. ಇದು ಅವರ ಯೋಚನೆ. 2013ರಲ್ಲಿ ಇದರ ಬಗ್ಗೆ ಬರೆದರು.

ಟೆಕ್ನೀಷಿಯಂ ಅಂದರೆ ಹೆದರಬೇಡಿ, ಮೂಳೆ ಸ್ಕ್ಯಾನ್, ಥೈರಾಯ್ಡ್ ಸ್ಕ್ಯಾನಿಗೆಲ್ಲ ನಮ್ಮಲ್ಲೂ ಬಳಸೋದು ಅದನ್ನೇ. ಆರು ಗಂಟೆಗೊಮ್ಮೆ ಅದರ ಬಲ ಅರ್ಧಕ್ಕೆ ಇಳಿಯುತ್ತೆ. ಆದರೂ ರೇಡಿಯೇಶನ್ ರೇಡಿಯೇಶನ್ನೇ, ಮಗುವಿಗೆ ಮತ್ತೆ ಮತ್ತೆ ಮಾಡಬೇಕು ಅಂದರೆ ಯೋಚನೆ ಮಾಡಲೇಬೇಕು. ನನಗೆ ಇದರಲ್ಲಿ ಇಷ್ಟ ಆಗಿದ್ದು ಬೇರೆ. ಬಯಾಪ್ಸಿ ಆರು ಚುಕ್ಕಿ ಮಾತ್ರ ನೋಡುತ್ತೆ, ಏಳನೇ ಚುಕ್ಕಿಯಲ್ಲಿ ಏನಿತ್ತೋ ದೇವರೇ ಬಲ್ಲ. ಇದು ಮೇಲಿಂದ ಕೆಳಗಿನವರೆಗೆ ಪೂರ್ತಿ ತೋರಿಸೋ ಆಸೆ ಹುಟ್ಟಿಸುತ್ತೆ. ಆಸೆ ಅಂತಲೇ ಅನ್ನುತ್ತೇನೆ, ಇದಿನ್ನೂ ಸಂಶೋಧನೆಯ ವಿಷಯ, ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಡೋ ಪರೀಕ್ಷೆ ಅಲ್ಲ. ಪ್ರಿಂಟ್ ತೆಗೆದುಕೊಂಡು ಹೋಗಿ ಡಾಕ್ಟರ್ ಮುಂದೆ ಇಟ್ಟೆ. ಪಾಪ, ಅವರು ಪೂರ್ತಿ ಓದಿದರು. "ಟೀಚರ್ ಅಂತ ಗೊತ್ತಾಗುತ್ತೆ" ಅಂದರು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಗ್ಯಾರಿ ಟಿಯರ್ನಿ ಅವರ ತಂಡ ಇನ್ನೊಂದು ದಾರಿ ಹಿಡಿದಿದೆ. ದಾರ ಕಟ್ಟಿದ ಗುಳಿಗೆ, ನುಂಗಬೇಕು, ಒಳಗಿಂದ ಲೇಸರ್ ಬೆಳಕು ಸುತ್ತುತ್ತಾ ಗೋಡೆಯ ಚಿತ್ರ ತೆಗೆಯುತ್ತೆ, ಆಮೇಲೆ ದಾರ ಹಿಡಿದು ಆಚೆ ಎಳೆಯೋದು. ನುಂಗೋದೇ ಕಷ್ಟ ಇರೋ ಮಗುವಿಗೆ ಗುಳಿಗೆ ನುಂಗು ಅನ್ನೋದು ಒಂಥರಾ ಕೀಟಲೆ ಅಲ್ವಾ. ಅಮೆರಿಕದ್ದೇ ಕೊಲರಾಡೊದ ಸಂಶೋಧಕರದ್ದು ಬರೀ ದಾರ, ಅದನ್ನೂ ಗುಳಿಗೆಯೊಳಗೆ ಸುತ್ತಿಟ್ಟೇ ನುಂಗಿಸೋದು. ಒಂದು ಗಂಟೆ ಅನ್ನನಾಳದಲ್ಲಿ ಬಿಟ್ಟು ತೆಗೆದು, ದಾರಕ್ಕೆ ಅಂಟಿದ ಪ್ರೋಟೀನುಗಳನ್ನ ಅಳೆಯುತ್ತಾರೆ. ಚಿತ್ರ ಅಲ್ಲ, ಡೈರಿ ಸ್ಯಾಂಪಲ್ಲೇ, ಆದರೆ ಮಲಗಿಸದೆ. ಮೂಗಿನಿಂದ ತೆಳ್ಳಗಿನ ಸ್ಕೋಪ್ ಬಿಡೋದು ಇನ್ನೊಂದು. ಮಗು ಎಚ್ಚರ ಇರುತ್ತೆ, ಕಣ್ಣಿಗೆ ವಿಡಿಯೋ ಕನ್ನಡಕ ಹಾಕಿ ಕಾರ್ಟೂನ್ ತೋರಿಸುತ್ತಿರುತ್ತಾರೆ, ಅದರಲ್ಲೇ ಬಯಾಪ್ಸಿಯೂ ಆಗುತ್ತೆ. ಇದನ್ನ ನಾನು ಗಟ್ಟಿಯಾಗಿ ಕೇಳಿದೆ. "ಇನ್ನೂ ಸ್ವಲ್ಪ ದೊಡ್ಡವನಾಗ್ಲಿ, ನೋಡೋಣ" ಅಂದರು. ಮಗ "ಯಾವ ಕಾರ್ಟೂನು?" ಅಂತ ಕೇಳಿದ.

ನನ್ನನ್ನ ಕೇಳಿದರೆ, ಹೊರಗಿಂದ ನೋಡೋ ಚಿತ್ರ ಬರೋವರೆಗೆ ನಮ್ಮಂಥವರು ಮಾಡಬಹುದಾದ್ದು ಸಣ್ಣದು. ಪ್ರತಿ ಸಲ ಎಂಡೋಸ್ಕೋಪಿ ಅಂದಾಗ, ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತಾ ಅಂತ ಕೇಳಿ. ಬದಲಾಗುತ್ತೆ ಅಂದರೆ ಮಾಡಿಸಿ, ಹೆದರಿ ಮುಂದಕ್ಕೆ ಹಾಕಬೇಡಿ. ನಾನು ಒಂದು ಸಲ ಮುಂದಕ್ಕೆ ಹಾಕಿ ಬೈಸಿಕೊಂಡಿದ್ದೇನೆ. ಮತ್ತೆ, ಎಷ್ಟು ನಿಮಿಷದಲ್ಲಿ ಊಟ ಮುಗಿಸಿದ, ಎಷ್ಟು ನೀರು ಕುಡಿದ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಚೆನ್ನಾಗಿ ತಿಂತಾನೆ" ಅನ್ನೋದರಿಂದ ಡಾಕ್ಟರಿಗೆ ಏನೂ ಸಿಗಲ್ಲ.

ಹಾಲಿನ ಕಥೆ ಮುಗಿದಿಲ್ಲ. 40 ಬಂದ ಮೇಲೆ ನೆಬ್ಯುಲೈಸರ್‌ಗೆ ಹಾಕೋ ಬುಡೆಸೊನೈಡ್ ಅನ್ನೋ ಊತ ಇಳಿಸೋ ಔಷಧವನ್ನೇ ಜೇನುತುಪ್ಪದಲ್ಲಿ ಮಂದವಾಗಿ ಕಲಸಿ ನುಂಗಿಸೋಕೆ ಹೇಳಿದರು, ಹಾಲೂ ಬೇಡ ಅಂದರು. ನಾಲ್ಕನೇ ಸಲ ನೋಡಿದಾಗ 6. ಪೆಥಾಲಜಿ ರಿಪೋರ್ಟನ್ನ ನಾನು ಮಾರ್ಕ್ಸ್ ಕಾರ್ಡ್ ತರ ಫೋಟೋ ತೆಗೆದು ಅತ್ತೆಗೆ ಕಳಿಸಿದೆ. ಆಗ ಡಾಕ್ಟರ್, ಔಷಧ ಮುಂದುವರಿಸಿ, ಹಾಲು ಮತ್ತೆ ಶುರು ಮಾಡಿ ನೋಡೋಣ ಅಂದರು. ಈಗ ಮೂರು ತಿಂಗಳಿಂದ ಕುಡಿಯುತ್ತಿದ್ದಾನೆ. ಊರಿಗೆ ಹೋದಾಗ ಅತ್ತೆ ಕರೆದ ಹಾಲನ್ನ ಕಾಯಿಸಿ ಲೋಟ ಹಿಡಿದು ನಿಂತೇ ಇರುತ್ತಾರೆ. ಮುದ್ದೆ ಸರಾಗ ಇಳಿಯುತ್ತೆ, ಮುಖದಲ್ಲಿ ಕಳೆ ಇದೆ. ಆದರೆ ಹೋದ ಸಲವೂ ಹೀಗೇ ಇತ್ತು.

ದೀಪಾವಳಿ ಕಳೆದ ವಾರ ಐದನೇ ಎಂಡೋಸ್ಕೋಪಿ. ಅತ್ತೆ ಹಾಸನಾಂಬೆ ದರ್ಶನಕ್ಕೆ ಕ್ಯೂ ನಿಲ್ಲೋದು ಅಂತ ಆಗಲೇ ತೀರ್ಮಾನ ಮಾಡಿದ್ದಾರೆ, ಮಂಡಿ ನೋವಿದ್ದರೂ. ಮಾವ ಏನೂ ಹೇಳಿಲ್ಲ, "ಸ್ಯಾಂಪಲ್ ಯಾವತ್ತು" ಅಂತ ಮಾತ್ರ ಎರಡು ಸಲ ಫೋನ್ ಮಾಡಿದ್ದಾರೆ.

ಒಂಬತ್ತು ಗಂಟೆ ಆಯಿತು, ಔಷಧ ಕಲಸಬೇಕು. ಅದನ್ನ ನುಂಗಿದ ಮೇಲೆ ಅರ್ಧ ಗಂಟೆ ಏನೂ ತಿನ್ನೋ ಹಾಗಿಲ್ಲ, ನೀರು ಕೂಡ ಕುಡಿಯೋ ಹಾಗಿಲ್ಲ, ಔಷಧ ಗೋಡೆಗೆ ಅಂಟಿಕೊಂಡಿರಬೇಕಲ್ಲ. ದಿನವಿಡೀ ನೆನಪಾಗದ ಬಾಯಾರಿಕೆ ನಮ್ಮ ಹುಡುಗನಿಗೆ ಸರಿಯಾಗಿ ಆ ಅರ್ಧ ಗಂಟೆಯಲ್ಲೇ ಆಗೋದು.